ಸರ್ಕಾರಿ ಶಾಲೆಯಿಂದ ಬಿಡಿಸಿ ಮನೆಯಲ್ಲೇ ಕಲಿಸುವುದು: ಟಿಸಿಯಿಂದ ಹತ್ತನೇ ಪರೀಕ್ಷೆಯವರೆಗೆ

"ಮಗೂನ ಶಾಲೆಯಿಂದ ಬಿಡಿಸಿ ಮನೆಯಲ್ಲೇ ಕಲಿಸೋಣ ಅಂತಿದ್ದೀವಿ. ಟಿಸಿ ತಗೋಬೇಕಾ, ಇಲ್ಲ ಸುಮ್ನೆ ಕಳಿಸೋದು ನಿಲ್ಲಿಸಿದ್ರೆ ಸಾಕಾ?"

ಪ್ರತಿ ವರ್ಷ ಮಾರ್ಚ್‌ನಲ್ಲಿ ಶುರುವಾಗುವ ಈ ಪ್ರಶ್ನೆ ಜೂನ್‌ವರೆಗೂ ಬರುತ್ತಲೇ ಇರುತ್ತದೆ. ಕೇಳುವವರಲ್ಲಿ ಹಳ್ಳಿಯಲ್ಲಿ ಜಮೀನು ಮಾಡಿಕೊಂಡು ನೆಲೆಸಿದವರಿದ್ದಾರೆ. ಮಗುವಿನ ಆರೋಗ್ಯದ ಕಾರಣಕ್ಕೆ ಬೇರೆ ದಾರಿ ಹುಡುಕುತ್ತಿರುವವರೂ ಇದ್ದಾರೆ. ಎಲ್ಲರಿಗೂ ಮೊದಲ ಉತ್ತರ ಒಂದೇ: ಸುಮ್ನೆ ನಿಲ್ಲಿಸಬೇಡಿ. ಹೇಳಿ ಹೋಗಿ, ಕಾಗದ ತಗೊಂಡು ಹೋಗಿ. ಹೋಮ್‌ಸ್ಕೂಲಿಂಗ್ ಮಾಡುವ ಮನೆಗಳಲ್ಲಿ ಮುಂದೆ ಬರುವ ತೊಂದರೆಗಳಲ್ಲಿ ಹೆಚ್ಚಿನವು ಪಾಠಕ್ಕೆ ಸಂಬಂಧಿಸಿದವಲ್ಲ. ಇಲ್ಲದ ಒಂದು ಕಾಗದಕ್ಕೆ ಸಂಬಂಧಿಸಿದವು.

ಒಂದು ಮಾತು ಸ್ಪಷ್ಟವಾಗಲಿ. ಇಲ್ಲಿ ಹೋಮ್‌ಸ್ಕೂಲಿಂಗ್ ಅಂದರೆ ಮಗು ಶಾಲೆಗೆ ಹೋಗದೆ, ಅಪ್ಪ ಅಮ್ಮನ ಹೊಣೆಯಲ್ಲಿ ಮನೆಯಲ್ಲೇ ಕಲಿಯುವುದು. ಮನೆಪಾಠ ಅಂದರೆ ನಮ್ಮಲ್ಲಿ ಟ್ಯೂಷನ್. ಅದು ಬೇರೆ.

ಕಾನೂನು ಏನು ಹೇಳುತ್ತದೆ

ಜನ ಆರ್‌ಟಿಇ ಅನ್ನುವ ಶಿಕ್ಷಣ ಹಕ್ಕು ಕಾಯ್ದೆ 2009ರದ್ದು. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 6ರಿಂದ 14 ವರ್ಷದ ಮಕ್ಕಳಿಗೆ ಉಚಿತ ಮತ್ತು ಕಡ್ಡಾಯ ಶಿಕ್ಷಣ ಅನ್ನುತ್ತದೆ. "ಕಡ್ಡಾಯ" ಅನ್ನುವ ಪದಕ್ಕೆ 8ನೇ ಕಲಂನಲ್ಲಿ ವಿವರಣೆ ಇದೆ. ಶಿಕ್ಷಣ ಒದಗಿಸುವುದು, ದಾಖಲಾತಿ ಮತ್ತು ಹಾಜರಾತಿ ನೋಡಿಕೊಳ್ಳುವುದು ಸರ್ಕಾರದ ಹೊಣೆ ಎಂಬುದು ಅದರ ಅರ್ಥ. 10ನೇ ಕಲಂ ತಂದೆ ತಾಯಿಗೆ ಸಂಬಂಧಿಸಿದ್ದು. ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ಅವರ ಕರ್ತವ್ಯ ಅನ್ನುತ್ತದೆ. ಹಾಗೆ ಸೇರಿಸದ ಪೋಷಕರಿಗೆ ಈ ಕಾಯ್ದೆಯಲ್ಲಿ ದಂಡ ಇಟ್ಟಿಲ್ಲ. ಹೋಮ್‌ಸ್ಕೂಲಿಂಗ್ ಅನ್ನುವ ಪದವೂ ಅದರಲ್ಲಿಲ್ಲ.

ಹಾಗಾಗಿ "ಇದು ಪೂರ್ತಿ ಕಾನೂನುಬದ್ಧ, ಯಾರೂ ಕೇಳೋ ಹಾಗಿಲ್ಲ" ಅನ್ನುವವರ ಮಾತು ನಂಬಬೇಡಿ. "ಜೈಲಿಗೆ ಹಾಕ್ತಾರೆ" ಅನ್ನುವವರದ್ದೂ ಬೇಡ. ಎಷ್ಟೋ ಕುಟುಂಬಗಳು ಈ ದಾರಿ ಹಿಡಿದಿವೆ. ಆದರೆ ಶಾಲೆ ಬಿಟ್ಟ ಮಕ್ಕಳನ್ನು ಹುಡುಕಿ ವಾಪಸ್ ಕರೆತರುವುದು ಅಧಿಕಾರಿಗಳ ಕೆಲಸ. ಅವರು ಬಂದೇ ಬರುತ್ತಾರೆ. ಬರಬೇಕು ಕೂಡ. ದುಡಿಮೆಗೆ, ಬಾಲ್ಯವಿವಾಹಕ್ಕೆ ಸಿಕ್ಕಿಕೊಳ್ಳಬಹುದಾದ ಮಕ್ಕಳು ಉಳಿಯುವುದು ಹೀಗೆ ಯಾರೋ ಬಾಗಿಲಿಗೆ ಬಂದು ವಿಚಾರಿಸುವುದರಿಂದಲೇ.

ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ಹುಡುಗಿ ದೊಡ್ಡವಳಾದಳು ಅಂತಲೋ, ಅಂಗಡಿಯಲ್ಲಿ ಕೈಗೆ ಆಗುತ್ತಾನೆ ಅಂತಲೋ ಬಿಡಿಸುವುದಾದರೆ ಈ ಲೇಖನ ನಿಮಗಲ್ಲ. ಅದು ಮಗುವಿನ ಓದು ನಿಲ್ಲಿಸುವುದು. 14 ವರ್ಷದೊಳಗಿನ ಮಕ್ಕಳನ್ನು ದುಡಿಮೆಗೆ ಹಚ್ಚುವುದನ್ನು ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿ, ಕೆಲವು ವಿನಾಯಿತಿ ಬಿಟ್ಟು, ಎಲ್ಲ ಉದ್ಯೋಗಗಳಲ್ಲೂ ನಿಷೇಧಿಸಿದೆ.

ಹಂತ 1: ಬಿಟ್ಟರೆ ಏನೇನು ಹೋಗುತ್ತದೆ, ಲೆಕ್ಕ ಹಾಕಿ

ಬಿಸಿಯೂಟ, ಹಾಲು, ಸಮವಸ್ತ್ರ, ಶೂ, ಪುಸ್ತಕ ನಿಲ್ಲುತ್ತವೆ. ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದೆ ಹೋಗುವುದು ಇದಕ್ಕಿಂತ ದೊಡ್ಡದು. ನಾನು ಅತಿ ಹೆಚ್ಚು ಸಂಕಟ ನೋಡಿರುವುದು ಇಲ್ಲೇ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿ. ಸಿಇಟಿ ಮೂಲಕ ಸಿಗುವ ವೃತ್ತಿಪರ ಕೋರ್ಸ್‌ಗಳಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಸೀಟು ಇವೆ. ಎರಡಕ್ಕೂ 1ರಿಂದ 10ನೇ ತರಗತಿವರೆಗೆ ಹತ್ತೂ ವರ್ಷ ಓದಿದ ದಾಖಲೆ ಬೇಕು. ನಾಲ್ಕನೇ ತರಗತಿಗೆ ಶಾಲೆ ಬಿಟ್ಟರೆ ಈ ಸರಪಳಿ ಅಲ್ಲಿಗೇ ತುಂಡಾಗುತ್ತದೆ. ಮುಂದೆ ಎಂಟಕ್ಕೆ ವಾಪಸ್ ಸೇರಿಸಿದರೂ ಕೂಡಿಕೊಳ್ಳುವುದಿಲ್ಲ. ರಾಜ್ಯ ಸರ್ಕಾರದ ನೇಮಕಾತಿಯಲ್ಲೂ ಈ ಎರಡು ಮೀಸಲಾತಿ ಇವೆ. ಹಳ್ಳಿಯ ಕನ್ನಡ ಶಾಲೆಯ ಮಗುವಿಗೆ ಇದು ಸಣ್ಣ ಆಸ್ತಿಯಲ್ಲ.

ಏಳು ವರ್ಷದ ಲೆಕ್ಕ. ಸಿಇಟಿಯ ಸರ್ಕಾರಿ ಸೀಟಿಗೆ ಸಾಮಾನ್ಯವಾಗಿ ಬಳಕೆಯಾಗುವ ಅರ್ಹತೆ ಒಂದಿದೆ. 1ರಿಂದ 12ನೇ ತರಗತಿಯೊಳಗೆ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು. 10 ಅಥವಾ 12ನೆಯದನ್ನು ಇಲ್ಲೇ ಪಾಸು ಮಾಡಿರಬೇಕು. ಶಾಲೆಯಲ್ಲಿ ಕಳೆದ ವರ್ಷಗಳನ್ನು ಬೆರಳೆಣಿಸಿ ನೋಡಿ. ಬೇರೆ ಕಲಂಗಳೂ ಇವೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮಾಹಿತಿ ಪುಸ್ತಿಕೆಯನ್ನು ಈಗಲೇ ಓದಿಕೊಳ್ಳಿ, ಮಗು ಪಿಯುಸಿಗೆ ಬಂದಾಗಲ್ಲ.

ಆರನೇ ತರಗತಿಯ ಪ್ರವೇಶ ಪರೀಕ್ಷೆಗಳು. ಜವಾಹರ್ ನವೋದಯಕ್ಕೆ ಬರೆಯುವ ಮಗು 3, 4, 5ನೇ ತರಗತಿಗಳನ್ನು ಮಾನ್ಯತೆ ಪಡೆದ ಶಾಲೆಯಲ್ಲಿ ಪೂರ್ತಿ ಓದಿರಬೇಕು, ಐದನೆಯದು ಅದೇ ಜಿಲ್ಲೆಯಲ್ಲಿ ಆಗಿರಬೇಕು. ಮೊರಾರ್ಜಿ ದೇಸಾಯಿ ವಸತಿ ಶಾಲೆಗೂ ಐದನೇ ತರಗತಿಯಿಂದಲೇ ಬರೆಯುವುದು. ಇವುಗಳ ಮೇಲೆ ಕಣ್ಣಿದ್ದರೆ ಮೂರು, ನಾಲ್ಕನೇ ತರಗತಿಯಲ್ಲಿ ಬಿಡಿಸಬೇಡಿ.

ಇಷ್ಟೆಲ್ಲ ನೋಡಿಯೂ ಮಗುವಿಗೆ ಮನೆಯೇ ಸರಿ ಅನಿಸಿದರೆ ಮುಂದೆ ಓದಿ. ಅನಿಸದಿದ್ದರೆ ಶಾಲೆಯಲ್ಲಿ ಇಟ್ಟುಕೊಂಡೇ ಸಂಜೆ, ರಜೆಯಲ್ಲಿ ನಿಮ್ಮಿಷ್ಟದಂತೆ ಕಲಿಸಿ. ಅದೂ ಒಳ್ಳೆಯ ದಾರಿಯೇ.

ನಿಮ್ಮ ಮಗುವಿಗೆ ಅಂಗವೈಕಲ್ಯ ಇದ್ದರೆ ಇಲ್ಲೇ ನಿಲ್ಲಿ

ಟಿಸಿ ತಗೋಬೇಡಿ. ಆರ್‌ಟಿಇಗೆ 2012ರಲ್ಲಿ ಆದ ತಿದ್ದುಪಡಿಯ ಪ್ರಕಾರ ಬಹುವಿಧ ಅಥವಾ ತೀವ್ರ ಅಂಗವೈಕಲ್ಯ ಇರುವ ಮಗು ಗೃಹಾಧಾರಿತ ಶಿಕ್ಷಣ ಆರಿಸಿಕೊಳ್ಳಬಹುದು. ಅಂದರೆ ಹೆಸರು ಶಾಲೆಯಲ್ಲೇ ಇರುತ್ತದೆ. ಬಿಐಇಆರ್‌ಟಿ ಅನ್ನುವ ವಿಶೇಷ ಶಿಕ್ಷಕರು ಮನೆಗೆ ಬಂದು ಕಲಿಸುತ್ತಾರೆ. ತಾಲ್ಲೂಕಿನ ಬಿಆರ್‌ಸಿ ಕಚೇರಿಯಲ್ಲಿ, ಅಂದರೆ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ವಿಚಾರಿಸಿ. ಟಿಸಿ ತಗೊಂಡರೆ ಈ ಸೌಲಭ್ಯ ಕೈಬಿಡುತ್ತದೆ.

ಹಂತ 2: ಕಾಲ ನೋಡಿ

ವರ್ಷದ ನಡುವೆ ಬಿಡಿಸುವುದು ಬೇಡ. ಏಪ್ರಿಲ್ 10ರ ಹೊತ್ತಿಗೆ ಫಲಿತಾಂಶ ಹೇಳುತ್ತಾರಲ್ಲ, ಅದಾದ ಮೇಲೆ ಹೋಗಿ. ಆಗ ಮಗು ಒಂದು ತರಗತಿ ಪೂರ್ತಿ ಮುಗಿಸಿರುತ್ತದೆ. ಟಿಸಿಯಲ್ಲಿ "ಉತ್ತೀರ್ಣ, ಮುಂದಿನ ತರಗತಿಗೆ ಬಡ್ತಿ" ಅಂತ ಬರುತ್ತದೆ. ನವೆಂಬರ್‌ನಲ್ಲಿ ಬಿಟ್ಟರೆ "ಓದುತ್ತಿದ್ದಾಗ ಬಿಟ್ಟಿದೆ" ಅಂತ ಬರುತ್ತದೆ, ಆ ಒಂದು ವರ್ಷದ ಓದು ಲೆಕ್ಕಕ್ಕೆ ಸಿಗುವುದು ಕಷ್ಟ.

ಆದರೆ ಮಗುವಿಗೆ ಶಾಲೆಯಲ್ಲಿ ಹೊಡೆತ, ಕಿರುಕುಳ ಆಗುತ್ತಿದ್ದರೆ ಏಪ್ರಿಲ್‌ವರೆಗೆ ಕಾಯಬೇಡಿ. ಶಾಲೆಯಲ್ಲಿ ಮಕ್ಕಳನ್ನು ಹೊಡೆಯುವುದು, ಮನಸ್ಸಿಗೆ ಹಿಂಸೆ ಕೊಡುವುದು ಆರ್‌ಟಿಇ 17ನೇ ಕಲಂ ಪ್ರಕಾರ ನಿಷಿದ್ಧ. ಮಕ್ಕಳ ಸಹಾಯವಾಣಿ 1098. ಬಿಇಒಗೆ, ಅಂದರೆ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಗೆ ಬರವಣಿಗೆಯಲ್ಲಿ ದೂರು ಕೊಡಿ.

ಹಂತ 3: ಕಾಗದ ಪತ್ರ ಒಂದು ಕಡೆ ಸೇರಿಸಿ

ಟಿಸಿ ಕೇಳುವ ಮುಂಚೆ ಇವು ನಿಮ್ಮ ಕೈಯಲ್ಲಿರಲಿ:

- ಜನನ ಪ್ರಮಾಣ ಪತ್ರ, ಮಗುವಿನ ಆಧಾರ್.
- ಸ್ಯಾಟ್ಸ್ ಸಂಖ್ಯೆ. ರಾಜ್ಯದ ಪ್ರತಿ ವಿದ್ಯಾರ್ಥಿಗೂ ಶಿಕ್ಷಣ ಇಲಾಖೆಯ ಗಣಕ ವ್ಯವಸ್ಥೆಯಲ್ಲಿ ಇರುವ ಗುರುತಿನ ಸಂಖ್ಯೆ ಇದು. ವಿದ್ಯಾರ್ಥಿವೇತನದಿಂದ ಹಿಡಿದು ಮರುಸೇರ್ಪಡೆವರೆಗೆ ಎಲ್ಲದಕ್ಕೂ ಕೇಳುತ್ತಾರೆ.
- ಇದುವರೆಗಿನ ಎಲ್ಲ ತರಗತಿಗಳ ಅಂಕಪಟ್ಟಿ ಅಥವಾ ಪ್ರಗತಿ ಪತ್ರ.
- ಜಾತಿ ಮತ್ತು ಆದಾಯ ಪ್ರಮಾಣ ಪತ್ರ, ಇದ್ದರೆ.

ಇವನ್ನೆಲ್ಲ ಪಕ್ಕಪಕ್ಕ ಇಟ್ಟು ಹೆಸರು, ಹುಟ್ಟಿದ ದಿನ ತಾಳೆ ನೋಡಿ. ಜನನ ಪತ್ರದಲ್ಲಿ "ಕಾವ್ಯ", ಆಧಾರ್‌ನಲ್ಲಿ "ಕಾವ್ಯಾ ಎಂ", ಶಾಲೆಯಲ್ಲಿ "ಕಾವ್ಯಶ್ರೀ" ಅಂತಿದ್ದರೆ ಮೊದಲು ಅದನ್ನು ಸರಿ ಮಾಡಿಸಿ. ಮಗು ಶಾಲೆಯಲ್ಲಿ ಇರುವಾಗ ಮುಖ್ಯ ಶಿಕ್ಷಕರು, ಬಿಇಒ ಮಟ್ಟದಲ್ಲಿ ಆಗುವ ತಿದ್ದುಪಡಿ ಟಿಸಿ ಕೊಟ್ಟ ಮೇಲೆ ತುಂಬಾ ಕಠಿಣ. ಜನ್ಮದಿನಾಂಕದ ತಪ್ಪಿಗಂತೂ ಎಷ್ಟೋ ಜನ ಕೋರ್ಟಿಗೆ ಅಲೆದಿದ್ದಾರೆ.

ಹಂತ 4: ಮೇಷ್ಟ್ರ ಹತ್ತಿರ ಮಾತಾಡಿ, ಆಮೇಲೆ ಅರ್ಜಿ ಕೊಡಿ

ನೇರ ಅರ್ಜಿ ಹಿಡಿದು ಹೋಗಬೇಡಿ. ಹಳ್ಳಿ ಶಾಲೆಯಲ್ಲಿ ಒಂದು ಮಗು ಕಡಿಮೆಯಾದರೂ ಅದು ಸಣ್ಣ ವಿಷಯವಲ್ಲ. ಮಕ್ಕಳ ಸಂಖ್ಯೆಯ ಮೇಲೆ ಶಿಕ್ಷಕರ ಹುದ್ದೆ ನಿಂತಿರುತ್ತದೆ. ಮುಖ್ಯ ಶಿಕ್ಷಕರು ಬೇಸರ ಮಾಡಿಕೊಂಡರೆ ಅದಕ್ಕೆ ಕಾರಣ ಇದೆ ಅಂತ ಅರ್ಥ ಮಾಡಿಕೊಳ್ಳಿ. "ನಿಮ್ಮ ಶಾಲೆ ಸರಿಯಿಲ್ಲ ಅಂತ ಬಿಡಿಸ್ತಿಲ್ಲ ಸರ್, ನಮ್ಮ ಮನೆ ಪರಿಸ್ಥಿತಿಗೆ ಇದು ಹೊಂದುತ್ತೆ" ಅಂತ ಸಮಾಧಾನವಾಗಿ ಹೇಳಿ. ಎರಡು ವರ್ಷ ಬಿಟ್ಟು ಒಂದು ವ್ಯಾಸಂಗ ಪತ್ರಕ್ಕೆ ನೀವು ಮತ್ತೆ ಇದೇ ಮೇಜಿನ ಮುಂದೆ ನಿಲ್ಲಬೇಕಾಗುತ್ತದೆ.

ಅರ್ಜಿ ಹೀಗಿದ್ದರೆ ಸಾಕು:

*ಗೆ,*
*ಮುಖ್ಯ ಶಿಕ್ಷಕರು, (ಶಾಲೆಯ ಹೆಸರು, ಊರು)*
*ಮಾನ್ಯರೇ,*
*ವಿಷಯ: ವರ್ಗಾವಣೆ ಪ್ರಮಾಣ ಪತ್ರ ಕೋರಿ.*
*ನನ್ನ ಮಗ/ಮಗಳು (ಹೆಸರು), ಸ್ಯಾಟ್ಸ್ ಸಂಖ್ಯೆ (...), ತಮ್ಮ ಶಾಲೆಯಲ್ಲಿ (...)ನೇ ತರಗತಿಯನ್ನು ಮುಗಿಸಿರುತ್ತಾರೆ. ಮುಂದಿನ ವಿದ್ಯಾಭ್ಯಾಸವನ್ನು ಪೋಷಕರಾದ ನಮ್ಮ ಹೊಣೆಯಲ್ಲಿ ಮನೆಯಲ್ಲಿ ಮುಂದುವರಿಸಿ, ವಯಸ್ಸಿಗೆ ತಕ್ಕ ಹಂತದಲ್ಲಿ ಮುಕ್ತ ಶಾಲೆಯ ಮೂಲಕ ಪರೀಕ್ಷೆ ಬರೆಸಲು ತೀರ್ಮಾನಿಸಿದ್ದೇವೆ. ಆದ್ದರಿಂದ ವರ್ಗಾವಣೆ ಪತ್ರ, ವ್ಯಾಸಂಗ ಪ್ರಮಾಣ ಪತ್ರ ಮತ್ತು ಅಂಕಪಟ್ಟಿಗಳನ್ನು ನೀಡಬೇಕೆಂದು ಕೋರುತ್ತೇವೆ.*
*ತಂದೆ, ತಾಯಿ ಸಹಿ, ದಿನಾಂಕ*

ಎರಡು ಪ್ರತಿ ಮಾಡಿ. ಒಂದು ಶಾಲೆಗೆ. ಇನ್ನೊಂದರ ಮೇಲೆ "ಸ್ವೀಕರಿಸಿದೆ" ಅಂತ ಬರೆಸಿ, ಸಹಿ, ಮೊಹರು, ದಿನಾಂಕ ಹಾಕಿಸಿಕೊಳ್ಳಿ. ಕೊಡಲು ಹಿಂದೇಟು ಹಾಕಿದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ಸ್ವೀಕೃತಿ ಇಟ್ಟುಕೊಳ್ಳಿ.

ಅಪ್ಪ ಅಮ್ಮ ಇಬ್ಬರೂ ಸಹಿ ಮಾಡಿ. ಗಂಡ ಹೆಂಡತಿ ಬೇರೆ ಇದ್ದು ಮಗು ಯಾರ ಹತ್ತಿರ ಇರಬೇಕು ಅನ್ನುವುದು ಕೋರ್ಟಿನಲ್ಲಿದ್ದರೆ, ವಕೀಲರನ್ನು ಕೇಳದೆ ಟಿಸಿಗೆ ಕೈ ಹಾಕಬೇಡಿ.

ಅರ್ಜಿಯಲ್ಲಿ ಸುಳ್ಳು ಬರೆಯಬೇಡಿ. "ಬೇರೆ ಊರಿಗೆ ಹೋಗ್ತಿದ್ದೀವಿ, ಅಲ್ಲಿ ಸೇರಿಸ್ತೀವಿ" ಅಂತ ಬರೆದು ಟಿಸಿ ತರುವುದು ಸುಲಭ ಅಂತ ಕೆಲವರು ಹೇಳಿಕೊಡುತ್ತಾರೆ. ಆಮೇಲೆ ಮನೆಗೆ ಬಂದವರು ಆ ಶಾಲೆ ಯಾವುದು ಅಂತ ಕೇಳಿದಾಗ ಉತ್ತರ ಇರುವುದಿಲ್ಲ. ಆಗ ನಿಜ ಹೇಳಿದರೂ ನಂಬುವವರು ಯಾರು?

"ಯಾವ ಶಾಲೆಗೆ ಸೇರಿಸ್ತೀರಿ ಅಂತ ಹೇಳಿ, ಇಲ್ಲದಿದ್ರೆ ಟಿಸಿ ಕೊಡಲ್ಲ" ಅನ್ನುವುದುಂಟು. ಆರ್‌ಟಿಇ 5ನೇ ಕಲಂ ಪ್ರಕಾರ ಮಗು ಬೇರೆ ಶಾಲೆಗೆ ಹೋಗಲು ಕೇಳಿದಾಗ ತಡಮಾಡದೆ ಟಿಸಿ ಕೊಡಬೇಕು. ಆದರೆ ಅದು ಶಾಲೆಯಿಂದ ಶಾಲೆಗೆ ಹೋಗುವವರ ಮಾತು. ಅದನ್ನು ಎತ್ತಿ ಹಿಡಿದು ಜಗಳಕ್ಕೆ ನಿಲ್ಲಬೇಡಿ. ನಿಮ್ಮ ಅರ್ಜಿಯ ಪ್ರತಿ ಇಟ್ಟುಕೊಂಡು ಬಿಇಒ ಕಚೇರಿಗೆ ಹೋಗಿ, ನಿಜ ಸಂಗತಿ ಹೇಳಿ, ಅಲ್ಲಿಂದ ಬರಹದಲ್ಲಿ ಉತ್ತರ ಕೇಳಿ.

ಹಂತ 5: ಟಿಸಿಯನ್ನು ಅಲ್ಲೇ ಕೂತು ಓದಿ

ಕೈಗೆ ಕೊಟ್ಟ ಕೂಡಲೇ ಮಡಚಿ ಚೀಲಕ್ಕೆ ಹಾಕಿಕೊಳ್ಳಬೇಡಿ. ನನ್ನ ಮಗಳ ಟಿಸಿಯಲ್ಲಿ ಹುಟ್ಟಿದ ತಿಂಗಳು ಅಂಕಿಯಲ್ಲಿ 08 ಅಂತ ಸರಿಯಾಗಿತ್ತು. ಕೆಳಗೆ ಅಕ್ಷರದಲ್ಲಿ "ಜೂನ್" ಅಂತ ಬಂದಿತ್ತು. ಮನೆಗೆ ಬಂದು ಮೂರು ದಿನವಾದ ಮೇಲೆ ಕಣ್ಣಿಗೆ ಬಿತ್ತು. ಅಷ್ಟರಲ್ಲಿ ಶಾಲೆಗೆ ರಜೆ. ಆ ಒಂದು ಪದಕ್ಕೆ ಮೇ ತಿಂಗಳು ಪೂರ್ತಿ ಕಾದೆವು.

ನೋಡಬೇಕಾದ ಸಾಲುಗಳು: ಹೆಸರು, ತಂದೆ ತಾಯಿ ಹೆಸರು, ಹುಟ್ಟಿದ ದಿನ ಅಂಕಿಯಲ್ಲೂ ಅಕ್ಷರದಲ್ಲೂ, ಜಾತಿ, ಮಾತೃಭಾಷೆ, ಕಲಿಕಾ ಮಾಧ್ಯಮ, ಶಾಲೆ ಬಿಟ್ಟ ದಿನ, ಬಡ್ತಿ ಪಡೆದ ತರಗತಿ, ಮೊಹರು. ಬಿಟ್ಟ ಕಾರಣದ ಜಾಗದಲ್ಲಿ "ಪೋಷಕರ ಕೋರಿಕೆ ಮೇರೆಗೆ" ಅಂತ ಬಂದರೆ ಒಳ್ಳೆಯದು. "ದೀರ್ಘ ಗೈರು" ಅಂತ ಬರೆಯಲು ಬಿಡಬೇಡಿ.

ಟಿಸಿ ಜೊತೆಗೆ ವ್ಯಾಸಂಗ ಪ್ರಮಾಣ ಪತ್ರವನ್ನೂ ತಗೊಳ್ಳಿ. ಯಾವ ವರ್ಷ, ಯಾವ ತರಗತಿ, ಯಾವ ಮಾಧ್ಯಮ ಅನ್ನುವುದು ವರ್ಷವಾರು ಇರಲಿ. ಅದಕ್ಕೆ ಬಿಇಒ ಮೇಲುರುಜು ಹಾಕಿಸಿ. ಮೇಲುರುಜು ಅಂದರೆ ಶಾಲೆಯ ಸಹಿ ನಿಜ ಅಂತ ಮೇಲಧಿಕಾರಿ ಹಾಕುವ ಸಹಿ. ಮುಂದೆ ಸಿಇಟಿಯ ಏಳು ವರ್ಷದ ಲೆಕ್ಕಕ್ಕೆ ಕೇಳುವುದು ಇದನ್ನೇ. ಹೊರರಾಜ್ಯಕ್ಕೆ ಹೋಗುವ ಯೋಚನೆ ಇದ್ದರೆ ಟಿಸಿಗೂ ಹಾಕಿಸಿಕೊಳ್ಳಿ.

ಹಂತ 6: ಬಾಗಿಲು ತಟ್ಟುವವರಿಗೆ ಒಂದು ಕಡತ

ಟಿಸಿ ಕೊಟ್ಟ ಮಗು ಬೇರೆ ಶಾಲೆಯಲ್ಲಿ ಕಾಣಿಸಿಕೊಳ್ಳದಿದ್ದರೆ ಇಲಾಖೆಯ ಗಣಕದಲ್ಲಿ ಆ ಹೆಸರು "ಡ್ರಾಪ್ ಬಾಕ್ಸ್" ಅನ್ನುವ ಪಟ್ಟಿಯಲ್ಲಿ ಉಳಿಯುತ್ತದೆ. ಆ ಪಟ್ಟಿ ಹಿಡಿದು ಸಿಆರ್‌ಪಿ, ಅಂದರೆ ಹತ್ತಾರು ಶಾಲೆಗಳನ್ನು ನೋಡಿಕೊಳ್ಳುವ ಸಮೂಹ ಸಂಪನ್ಮೂಲ ವ್ಯಕ್ತಿ, ಫೋನ್ ಮಾಡಬಹುದು ಅಥವಾ ಮನೆಗೇ ಬರಬಹುದು. ಶಾಲೆಯಿಂದ ಹೊರಗುಳಿದ ಮಕ್ಕಳ ಸಮೀಕ್ಷೆಗೆ ಶಿಕ್ಷಕರು ಮನೆಮನೆಗೂ ಬರುತ್ತಾರೆ.

ಹೆದರಬೇಡಿ, ಬಾಗಿಲು ಹಾಕಿಕೊಳ್ಳಬೇಡಿ. ಒಳಗೆ ಕರೆದು ಕೂರಿಸಿ. ಮಗುವನ್ನು ಮಾತಾಡಿಸಲು ಬಿಡಿ. ಒಂದು ಕಡತ ತಯಾರಾಗಿರಲಿ: ಅರ್ಜಿಯ ಸ್ವೀಕೃತಿ, ಟಿಸಿ ಪ್ರತಿ, ಮಗು ಬರೆದ ನೋಟ್‌ಬುಕ್‌ಗಳು, ಓದಿದ ಪುಸ್ತಕಗಳ ಪಟ್ಟಿ. ಇದರ ಜೊತೆ ತಿಂಗಳಿಗೆ ಒಂದು ಪುಟ, ಆ ತಿಂಗಳು ಏನು ಕಲಿಯಿತು ಅನ್ನುವುದು ದಿನಾಂಕ ಸಹಿತ. ದಿನಚರಿ ದಿನಾ ಬರೆಯಲು ಹೋದರೆ ಎರಡು ವಾರಕ್ಕೆ ನಿಂತುಹೋಗುತ್ತದೆ. ತಿಂಗಳಿಗೊಂದು ಪುಟ ನಡೆಯುತ್ತದೆ. ಬಂದವರ ಹೆಸರು, ಬಂದ ದಿನ ನೀವೂ ಬರೆದಿಟ್ಟುಕೊಳ್ಳಿ.

ಹಂತ 7: ಮೊದಲ ತಿಂಗಳುಗಳು

ಜೂನ್ ಮೊದಲ ವಾರ ಬೀದಿಯ ಮಕ್ಕಳೆಲ್ಲ ಬ್ಯಾಗ್ ಹಾಕಿಕೊಂಡು ಹೊರಟಾಗ ನಿಮ್ಮ ಮಗು ಬಾಗಿಲಲ್ಲಿ ನಿಂತು ನೋಡುತ್ತದೆ. ಆ ವಾರವೇ ಮೇಜು, ವೇಳಾಪಟ್ಟಿ, ಗಂಟೆ ಅಂತ ಶುರು ಮಾಡಬೇಡಿ. ಸಂಜೆ ಅದೇ ಗೆಳೆಯರ ಜೊತೆ ಆಡಲು ಕಳಿಸುವುದನ್ನು ಮಾತ್ರ ಒಂದು ದಿನವೂ ತಪ್ಪಿಸಬೇಡಿ.

ಒಂದರಿಂದ ಮೂರನೇ ತರಗತಿಯ ಮಗುವಾದರೆ ಇದನ್ನು ಗಮನಿಸಿ. ಸರ್ಕಾರಿ ಶಾಲೆಯ ಈ ಮಕ್ಕಳು ಕಲಿತಿರುವುದು ನಲಿಕಲಿಯಲ್ಲಿ. 1995ರಲ್ಲಿ ಎಚ್.ಡಿ. ಕೋಟೆಯ ಶಾಲೆಗಳಲ್ಲಿ ಶುರುವಾಗಿ ರಾಜ್ಯಕ್ಕೆಲ್ಲ ಹರಡಿದ ಪದ್ಧತಿ ಅದು. ಕಾರ್ಡು ಎತ್ತಿಕೊಂಡು, ಗುಂಪಿನಲ್ಲಿ ಕೂತು, ತನ್ನ ವೇಗದಲ್ಲಿ ಒಂದೊಂದೇ ಮೆಟ್ಟಿಲು ಹತ್ತುವುದು ಅವಕ್ಕೆ ರೂಢಿ. ಅಂಥ ಮಗುವನ್ನು ಮನೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿ ಪಾಠ ಒಪ್ಪಿಸು ಅಂದರೆ ಅದಕ್ಕೆ ಶಾಲೆಗಿಂತ ಮನೆಯೇ ಬಿಗಿಯಾಗುತ್ತದೆ. ಹಳೆಯ ಲಗ್ನಪತ್ರಿಕೆ ಕತ್ತರಿಸಿ ನೀವೇ ಕಾರ್ಡು ಮಾಡಿ. ಒಂದು ಬದಿಗೆ ಚಿತ್ರ, ಇನ್ನೊಂದು ಬದಿಗೆ ಪದ.

ದುಡ್ಡು ಜಾಸ್ತಿ ಬೇಡ. ರಾಜ್ಯದ ಪಠ್ಯಪುಸ್ತಕಗಳು ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪಿಡಿಎಫ್ ರೂಪದಲ್ಲಿ ಉಚಿತವಾಗಿ ಸಿಗುತ್ತವೆ. ದೀಕ್ಷಾ ಆ್ಯಪ್‌ನಲ್ಲಿ ಪಾಠಗಳ ವಿಡಿಯೊ ಇವೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯ ಈಗ "ಅರಿವು ಕೇಂದ್ರ". ಅಲ್ಲಿ ಮಗುವಿನ ಹೆಸರಲ್ಲೇ ಸದಸ್ಯತ್ವ ಮಾಡಿಸಿ. ಎಲ್ಲವನ್ನೂ ಪುಸ್ತಕದ ಕ್ರಮದಲ್ಲೇ ಮಾಡಬೇಕಿಲ್ಲ, ಆದರೆ ಗಣಿತದಲ್ಲಿ ಮಾತ್ರ ತರಗತಿಯ ಪಠ್ಯವನ್ನು ಪಕ್ಕದಲ್ಲಿಟ್ಟುಕೊಳ್ಳಿ. ಹಿಂದೆ ಬಿದ್ದರೆ ವಾಪಸ್ ಸೇರುವಾಗ ಮೊದಲು ಕಾಣುವುದು ಅದೇ.

ಹಂತ 8: ಪರೀಕ್ಷೆಯ ದಾರಿ ಈಗಲೇ ಗುರುತು ಮಾಡಿ

ಎನ್‌ಐಒಎಸ್. ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ, ಕೇಂದ್ರ ಶಿಕ್ಷಣ ಸಚಿವಾಲಯದ ಅಡಿಯ ಮಂಡಳಿ. ಬೆಂಗಳೂರಿನಲ್ಲಿ ಪ್ರಾದೇಶಿಕ ಕೇಂದ್ರ ಇದೆ. ಹೋಮ್‌ಸ್ಕೂಲಿಂಗ್ ಮಕ್ಕಳಲ್ಲಿ ಹೆಚ್ಚಿನವರು ಹೋಗುವುದು ಇಲ್ಲಿಗೆ. ಕೆಳಹಂತದಲ್ಲಿ ಎ, ಬಿ, ಸಿ ಅಂತ ಮೂರು ಮಟ್ಟಗಳಿವೆ, 3, 5, 8ನೇ ತರಗತಿಗೆ ಸಮ. ಹತ್ತನೆಯದಕ್ಕೆ ಕನಿಷ್ಠ 14 ವರ್ಷ ಆಗಿರಬೇಕು. ಎಂಟನೇ ತರಗತಿಯ ಅಂಕಪಟ್ಟಿ ಇಲ್ಲದಿದ್ದರೆ "ಈ ಕೋರ್ಸ್ ಓದುವಷ್ಟು ಕಲಿತಿದ್ದೇನೆ" ಎಂಬ ಸ್ವಯಂ ದೃಢೀಕರಣ ನಡೆಯುತ್ತದೆ. ಕನಿಷ್ಠ 5 ವಿಷಯ, ಅದರಲ್ಲಿ ಒಂದು ಭಾಷೆ ಕಡ್ಡಾಯ. ನೋಂದಣಿ 5 ವರ್ಷ ಊರ್ಜಿತ. ಆ ಅವಧಿಯಲ್ಲಿ ಒಂದೊಂದೇ ವಿಷಯ ಬರೆದು ಮುಗಿಸಬಹುದು. ವರ್ಷಕ್ಕೆ ಎರಡು ಬಾರಿ ಪರೀಕ್ಷೆ.

ಇಲ್ಲಿ ಜನ ಎಡವುವುದು ಟಿಎಂಎಯಲ್ಲಿ. ಅದು ಮನೆಯಲ್ಲಿ ಬರೆದು ಒಪ್ಪಿಸುವ ಉತ್ತರ ಪತ್ರಿಕೆ, ಶೇ 20 ಅಂಕ ಅದಕ್ಕೇ. ಗಡುವು ತಪ್ಪಿಸಿಕೊಂಡರೆ ಮಗು ಎಷ್ಟು ಚೆನ್ನಾಗಿ ಬರೆದರೂ ಆ ಅಂಕ ಇಲ್ಲ. ಕನ್ನಡ ಮಾಧ್ಯಮದಿಂದ ಬಂದ ಮಗುವಾದರೆ ಯಾವ ವಿಷಯ ಯಾವ ಮಾಧ್ಯಮದಲ್ಲಿ ಸಿಗುತ್ತದೆ ಅನ್ನುವುದನ್ನು ಆ ವರ್ಷದ ಮಾಹಿತಿ ಪುಸ್ತಿಕೆಯಲ್ಲಿ ನೋಡಿಯೇ ಹಣ ಕಟ್ಟಿ.

ಎಸ್ಸೆಸ್ಸೆಲ್ಸಿ ಖಾಸಗಿ ಅಭ್ಯರ್ಥಿ. 15 ವರ್ಷ ತುಂಬಿದವರು ಶಾಲೆಗೆ ಹೋಗದೆ ನೇರವಾಗಿ ರಾಜ್ಯ ಮಂಡಳಿಯ ಪರೀಕ್ಷೆ ಕಟ್ಟುವ ವ್ಯವಸ್ಥೆ ಇದೆ. ಇಲ್ಲೇ ಪಿಯುಸಿ ಓದುವ ಕನ್ನಡ ಮಾಧ್ಯಮದ ಮಗುವಿಗೆ ನನ್ನ ಪ್ರಕಾರ ಇದು ಹೆಚ್ಚು ಹೊಂದುತ್ತದೆ. ಪಠ್ಯ ಅದೇ, ಭಾಷೆ ಅದೇ. ನೋಂದಣಿ ಪ್ರಕಟಣೆ ಮಳೆಗಾಲದ ಹೊತ್ತಿಗೇ ಬರುವುದುಂಟು, ಹಾಗಾಗಿ ಜೂನ್‌ನಿಂದಲೇ ಮಂಡಳಿಯ ಜಾಲತಾಣ ನೋಡುತ್ತಿರಿ.

ಎನ್‌ಐಒಎಸ್‌ನಲ್ಲಿ ಪಾಸಾಗಿ ಇಲ್ಲಿ ಪಿಯುಸಿಗೆ ಸೇರುವುದಾದರೆ ಮೈಗ್ರೇಷನ್ ಪತ್ರ ಬೇಕು, ಅಂದರೆ ಒಂದು ಮಂಡಳಿಯಿಂದ ಇನ್ನೊಂದಕ್ಕೆ ಹೋಗಲು ಕೊಡುವ ಪತ್ರ. ಸೇರಬೇಕಾದ ಕಾಲೇಜಿನಲ್ಲಿ ಮೊದಲೇ ಕೇಳಿಕೊಳ್ಳಿ.

ಹಂತ 9: ವಾಪಸ್ ಸೇರಿಸಬೇಕಾದರೆ

ಕೆಲವು ಮನೆಗಳಿಗೆ ಇದು ಹೊಂದುವುದಿಲ್ಲ. ಅಮ್ಮನಿಗೆ ಕೆಲಸ ಸಿಗುತ್ತದೆ, ಅಜ್ಜಿಗೆ ಹುಷಾರು ತಪ್ಪುತ್ತದೆ, ಮಗುವೇ "ನಾನು ಶಾಲೆಗೆ ಹೋಗ್ತೀನಿ" ಅನ್ನುತ್ತದೆ. ಮಗು ಹಾಗೆ ಎರಡು ಸಲ ಕೇಳಿದರೆ ಮಾತು ಮರೆಸಬೇಡಿ.

ದಾರಿ ತೆರೆದಿದೆ. ಆರ್‌ಟಿಇ 4ನೇ ಕಲಂ ಪ್ರಕಾರ ಶಾಲೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು. ಹತ್ತು ವರ್ಷದ ಮಗುವನ್ನು ಎರಡನೇ ತರಗತಿಯಲ್ಲಿ ಕೂರಿಸುವ ಹಾಗಿಲ್ಲ. ಹಿಂದೆ ಬಿದ್ದಿದ್ದರೆ ವಿಶೇಷ ತರಬೇತಿ ಪಡೆಯುವ ಹಕ್ಕು ಆ ಮಗುವಿಗಿದೆ. ಪ್ರವೇಶ ಪರೀಕ್ಷೆ ಇಡುವಂತಿಲ್ಲ ಅನ್ನುತ್ತದೆ 13ನೇ ಕಲಂ. ತಡವಾಗಿ ಬಂದರೂ ಸೇರಿಸಿಕೊಳ್ಳಬೇಕು ಅನ್ನುತ್ತದೆ 15ನೆಯದು.

ಹೋಗುವಾಗ ಹಳೆಯ ಟಿಸಿ, ಸ್ಯಾಟ್ಸ್ ಸಂಖ್ಯೆ, ಆಧಾರ್, ಆ ತಿಂಗಳ ಪುಟಗಳ ಕಡತ ಜೊತೆಗಿರಲಿ. ಹಳೆಯ ಸ್ಯಾಟ್ಸ್ ಸಂಖ್ಯೆಯಲ್ಲೇ ದಾಖಲು ಮಾಡಿ ಅಂತ ಕೇಳಿ. ಹೊಸ ಸಂಖ್ಯೆ ಸೃಷ್ಟಿಯಾದರೆ ಮಗು ಎರಡು ಕಡೆ ಎರಡು ಹೆಸರಾಗಿ ಉಳಿಯುತ್ತದೆ, ವಿದ್ಯಾರ್ಥಿವೇತನ ಬರುವುದಿಲ್ಲ. ಸೇರಿಸಿ ಒಂದು ವಾರವಾದ ಮೇಲೆ ಮತ್ತೊಮ್ಮೆ ಶಾಲೆಗೆ ಹೋಗಿ, ಹೆಸರು ಗಣಕದಲ್ಲಿ ಹಳೆಯ ಸಂಖ್ಯೆಯ ಜೊತೆಗೇ ಬಂದಿದೆಯಾ ಅಂತ ನಿಮ್ಮ ಕಣ್ಣಾರೆ ನೋಡಿಕೊಂಡು ಬನ್ನಿ.